ಹದಿನಾಲ್ಕನೆಯ ಮಷೀನಿನ ದೀಪ

ಅರ್ಲೀನ್ ಟಿಬಟ್ಸ್ ನನ್ನನ್ನು ಏನಾದರೂ ಕೇಳಿಕೊಂಡದ್ದು ಒಂದೇ ಸಲ. ಈ ವರ್ಷ ಜನವರಿ ಎರಡು, ಶುಕ್ರವಾರ, ಬೆಳಿಗ್ಗೆ ಆರೂ ಹತ್ತು. ರೀನೋ ನಗರದ ನಮ್ಮ ಕ್ಯಾಸಿನೊದ ದೊಡ್ಡ ಪಣದ ಕೋಣೆಯಲ್ಲಿ ನಾನು ಮೊದಲ ಮಷೀನಿನ ಬಾಗಿಲು ತೆರೆದು ಕುಳಿತಿದ್ದೆ. ಆಕೆಯ ಡ್ಯೂಟಿ ಶುರುವಾಗುವುದು ಮಧ್ಯಾಹ್ನ ಹನ್ನೆರಡಕ್ಕೆ. ಆದರೂ ಹಿಮ ಬಿದ್ದ ರಸ್ತೆಯಲ್ಲಿ ಸನ್ ವ್ಯಾಲಿಯ ತನ್ನ ಮನೆಯಿಂದ ಕಾರು ಓಡಿಸಿಕೊಂಡು ಬಂದು, ಕೋಟು ಕೂಡ ತೆಗೆಯದೆ ನನ್ನ ಪಕ್ಕದಲ್ಲಿ ನಿಂತಳು.

“ಹದಿನಾಲ್ಕನೇದನ್ನ ಕೊನೇಗೆ ಇಟ್ಕೋತೀಯಾ?” ಅಂದಳು.

ಯಾಕೆ ಎಂದು ನಾನು ಕೇಳಲಿಲ್ಲ. ಪಟ್ಟಿಯಲ್ಲಿ ಹದಿನಾಲ್ಕನ್ನು ಹೊಡೆದುಹಾಕಿ ಎಲ್ಲಕ್ಕಿಂತ ಕೆಳಗೆ ಬರೆದುಕೊಂಡೆ. ಯಾಕೆ ಎನ್ನುವುದು ನನಗೆ ಗೊತ್ತಿತ್ತು. ಅದನ್ನು ಹೇಳಲು ಸ್ವಲ್ಪ ಲೆಕ್ಕ ಬೇಕು; ಬಹಳ ಅಲ್ಲ.

ಪೋಕರ್ ಮಷೀನು ಪರದೆಯ ಮೇಲೆ ಐದು ಇಸ್ಪೀಟ್ ಎಲೆ ಕೊಡುತ್ತದೆ. ಬೇಕಾದವನ್ನು ಇಟ್ಟುಕೊಂಡು ಬೇಡವಾದವನ್ನು ಒಂದು ಸಲ ಬದಲಾಯಿಸಬಹುದು. ಆಟ ಅಷ್ಟೇ; ಆ ಒಂದು ಸುತ್ತಿಗೆ ಒಂದು ಕೈ ಎನ್ನುತ್ತಾರೆ. ಒಂದು ಕೈಯಲ್ಲಿ ಗೆದ್ದ ಹಣ ಹನ್ನೆರಡುನೂರು ಡಾಲರ್ ಮುಟ್ಟಿದರೆ ಮಷೀನು ಅಲ್ಲಿಗೇ ನಿಂತುಬಿಡುತ್ತದೆ, ಅದರ ನೆತ್ತಿಯ ಮೇಲಿನ ದೀಪ ಹತ್ತಿಕೊಳ್ಳುತ್ತದೆ. ಆಗ ಕೋಣೆಯ ಸಹಾಯಕಿ, ಮಧ್ಯಾಹ್ನವಾದರೆ ಅರ್ಲೀನ್, ತೆರಿಗೆಯ ಕಾಗದ ಹಿಡಿದು ಬಂದು, ಆಟಗಾರನ ಗುರುತಿನ ಚೀಟಿ ನೋಡಿ, ಸಹಿ ಹಾಕಿಸಿಕೊಂಡು, ನೋಟುಗಳನ್ನು ಎಣಿಸಿ ಕೈಗೆ ಕೊಡಬೇಕು. ಸಾಕ್ಷಿಗೆ ನೌಕರರಲ್ಲಿ ಇನ್ನೊಬ್ಬರು ನಿಲ್ಲಬೇಕೆಂದು ನಮ್ಮಲ್ಲಿ ನಿಯಮ. ಎಷ್ಟೋ ಸಲ ಆ ಇನ್ನೊಬ್ಬ ನಾನೇ. ಹೆಚ್ಚು ಕಡಿಮೆ ಐವತ್ತು ವರ್ಷ ಈ ಹನ್ನೆರಡುನೂರರ ಗೆರೆ ಅಲ್ಲಾಡಿರಲಿಲ್ಲ. ಈ ಜನವರಿಯಿಂದ ಸರ್ಕಾರ ಅದನ್ನು ಎರಡು ಸಾವಿರಕ್ಕೆ ಏರಿಸಿತು. ಒಂದೊಂದು ಮಷೀನನ್ನೂ ತೆರೆದು ಒಳಗಿನ ಅಂಕಿಯನ್ನು ತಿದ್ದುವುದು ನನ್ನ ಕೆಲಸ. ಆ ಕೋಣೆಯಲ್ಲಿ ಮೂವತ್ತೆಂಟು ಮಷೀನುಗಳಿವೆ. ಶನಿವಾರ, ಭಾನುವಾರ ಬಿಟ್ಟು ದಿನಕ್ಕೆ ನಾಲ್ಕರಂತೆ ಮಾಡಿದರೆ ಕೊನೆಯದರ ಸರದಿ ಬರುವುದು ಜನವರಿ ಹದಿನೈದು, ಗುರುವಾರ. ಅರ್ಲೀನ್ ನನ್ನಿಂದ ಕೇಳಿ ಪಡೆದದ್ದು ಆ ಹದಿಮೂರು ದಿನಗಳನ್ನು.

ಆಕೆ ಹುಟ್ಟಿದ್ದು ಯೆರಿಂಗ್ಟನ್‌ನಲ್ಲಿ. ತಂದೆ ತಾಮ್ರದ ಗಣಿಯಲ್ಲಿದ್ದ, ತಾಯಿ ಈರುಳ್ಳಿ ವಿಂಗಡಿಸುವ ಕೆಲಸ ಮಾಡುತ್ತಿದ್ದಳು. ಗಣಿ ಮುಚ್ಚಿದ ಕೆಲವು ವರ್ಷಕ್ಕೆ, ಇಪ್ಪತ್ತೊಂದು ತುಂಬುತ್ತಿದ್ದಂತೆ, ರೀನೋಗೆ ಬಂದು ಕ್ಯಾಸಿನೊದಲ್ಲಿ ಚಿಲ್ಲರೆ ಕೊಡುವವಳಾದಳು. ಆಗಿನ ಮಷೀನುಗಳು ನಾಣ್ಯ ನುಂಗಿ ನಾಣ್ಯ ಕಕ್ಕುತ್ತಿದ್ದವು. ಹೆಗಲಿಗೆ ಭಾರದ ಚೀಲ ಹಾಕಿಕೊಂಡು ಹದಿನೆಂಟು ವರ್ಷ ಓಡಾಡಿದ್ದಕ್ಕೆ ಆಕೆಯ ಎಡಭುಜ ಬಲಕ್ಕಿಂತ ಎರಡು ಬೆರಳು ತಗ್ಗು. ನಾಣ್ಯ ಹೋಗಿ ಕಾಗದದ ಚೀಟಿ ಬಂದಮೇಲೂ ಭುಜ ಮೇಲೇಳಲಿಲ್ಲ. ಆರು ವರ್ಷ ಸಂಸಾರ ಮಾಡಿದ ಗಂಡ ಲಾಫ್ಲಿನ್‌ಗೆ ಕೆಲಸ ಹುಡುಕಿಕೊಂಡು ಹೋದವನು ಅಲ್ಲೇ ಬೇರೆ ಮನೆ ಮಾಡಿದ. ಇದನ್ನು ಹೇಳುವಾಗ ಆಕೆಯ ಮುಖದಲ್ಲಿ ಬೇಸರ ಕಾಣುತ್ತಿರಲಿಲ್ಲ. ಅವನು ಹೋದಮೇಲೆ ಮನೆಯ ಹೀಟರು ಕೂಡ ಸರಿಯಾಗಿ ಕೆಲಸ ಮಾಡಲು ಶುರು ಮಾಡಿತು ಎನ್ನುತ್ತಿದ್ದಳು. ನಮ್ಮ ಕ್ಯಾಸಿನೊದಲ್ಲಿ ಇಪ್ಪತ್ತೆರಡು ವರ್ಷ ಆಕೆಯದು. ಈಗ ಅರವತ್ತೊಂದು.

ನಮ್ಮೆಲ್ಲರ ಎದೆಯ ಬಿಲ್ಲೆಯ ಮೇಲೆ ಹೆಸರಿನ ಕೆಳಗೆ ಹುಟ್ಟೂರು ಬರೆದಿರುತ್ತದೆ. ಬೆನಿಟೊ ಗರಾಟೆ ಎಂಬ ಆಟಗಾರರ ಜೊತೆ ಆಕೆಯ ಮಾತು ಶುರುವಾದದ್ದು ಅದರಿಂದ. ಒಂಬತ್ತು ವರ್ಷದ ಹಿಂದೆ, ಫೆಬ್ರವರಿಯಲ್ಲಿ, ಅವರು ಐದು ಡಾಲರಿನ ಮಷೀನಿನಲ್ಲಿ ಆಡುತ್ತಿದ್ದಾಗ ಕಳಾವರ್ ಐದರಿಂದ ಒಂಬತ್ತರವರೆಗೆ ಸಾಲಾಗಿ ಬಿತ್ತು. ಹನ್ನೆರಡುನೂರ ಐವತ್ತು ಡಾಲರ್. ದೀಪ ಹತ್ತಿತು. ಅರ್ಲೀನ್ ಹೋದಳು, ಸಾಕ್ಷಿಗೆ ನಾನು ಹೋದೆ. ಅವರು ಬಿಲ್ಲೆಯನ್ನು ಓದಿದರು.

“ಯೆರಿಂಗ್ಟನ್ನಾ? ಅಲ್ಲಿ ಈರುಳ್ಳಿ ಬಿಟ್ರೆ ಇನ್ನೇನಿದೆ?”

“ನಾನಿದ್ದೆ,” ಅಂದಳು ಅರ್ಲೀನ್, ನೋಟು ಎಣಿಸುತ್ತಲೇ. “ನೀವು?”

“ವಿನ್ನೆಮುಕ್ಕಾ ಕಡೆ. ಕುರಿ ಸಾಕಿದ್ದೆ.”

“ಈರುಳ್ಳಿ ವಾಸನೆ ಕೈ ತೊಳೆದ್ರೆ ಹೋಗುತ್ತೆ, ಮಿಸ್ಟರ್ ಗರಾಟೆ.”

ಅವರು ತೋಳನ್ನು ಮೂಗಿನ ಹತ್ತಿರ ತಂದು ಗಂಭೀರವಾಗಿ ಮೂಸಿ ನೋಡಿಕೊಂಡರು. ಅರ್ಲೀನ್‌ಗೆ ಎಣಿಕೆ ತಪ್ಪಿತು, ಮೊದಲಿನಿಂದ ಎಣಿಸಿದಳು. ಆಕೆಗೆ ಎಣಿಕೆ ತಪ್ಪಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಗರಾಟೆ ಸ್ಪೇನಿನ ಗುಡ್ಡಗಾಡಿನಿಂದ ಕುರಿ ಕಾಯಲು ಬಂದ ಬಾಸ್ಕ್ ಜನಾಂಗದವರು. ಹೆಂಡತಿ ಜೀನೆಟ್‌ಗೆ ಪಾರ್ಶ್ವವಾಯು ಹೊಡೆದು ಮಾತು ನಿಂತಮೇಲೆ ಕುರಿ, ಹುಲ್ಲುಗಾವಲು ಎಲ್ಲ ಮಾರಿ ರೀನೋಗೆ ಬಂದಿದ್ದರು. ಜೀನೆಟ್ ಗುಡ್ಡದ ಮೇಲಿನ ಒಂದು ಆರೈಕೆ ಮನೆಯಲ್ಲಿದ್ದರು. ಗರಾಟೆ ದಿನವೂ ಮಧ್ಯಾಹ್ನ ಮತ್ತು ಸಂಜೆ ಹೋಗಿ ತಾವೇ ಊಟ ಮಾಡಿಸುತ್ತಿದ್ದರು. ಮಂಗಳವಾರ, ಶುಕ್ರವಾರ ಅಲ್ಲಿ ವ್ಯಾಯಾಮ ಮತ್ತು ಸ್ನಾನದ ದಿನ. ನೋಡಲು ಬಂದವರನ್ನು ಹೊರಗೆ ಕಳಿಸುತ್ತಾರೆ. ಒಂದೂವರೆಯಿಂದ ನಾಲ್ಕೂವರೆಯವರೆಗೆ. ಅದರಲ್ಲಿ ಎರಡರಿಂದ ನಾಲ್ಕರವರೆಗಿನ ಎರಡು ಗಂಟೆಯನ್ನು ಅವರು ನಮ್ಮಲ್ಲಿ ಕಳೆಯುತ್ತಿದ್ದರು. ಐದಕ್ಕೆ ಸಂಜೆಯ ಊಟ ಮಾಡಿಸಲು ಮತ್ತೆ ಗುಡ್ಡ ಹತ್ತಬೇಕು.

ಮೊದಲ ದೀಪದ ನಂತರ ಎರಡನೆಯದು ಹತ್ತಲು ಏಳು ವಾರ ಹಿಡಿಯಿತು. ಅದು ಸಹಜ. ಐದು ಡಾಲರಿನ ಮಷೀನಿನಲ್ಲಿ ನಾಲ್ಕು ಎಕ್ಕವೋ ನಾಲ್ಕು ರಾಣಿಯೋ ಬಂದರೂ ಸಿಗುವುದು ಆರುನೂರ ಇಪ್ಪತ್ತೈದು, ದೀಪ ಹತ್ತುವುದಿಲ್ಲ. ಅದಕ್ಕೆ ಒಂದೇ ಜಾತಿಯ ಐದು ಎಲೆ ಸಾಲಾಗಿ ಬೀಳಬೇಕು. ಗರಾಟೆ ನಿಧಾನ ಆಡುವವರು, ವಾರಕ್ಕೆ ಸುಮಾರು ಹನ್ನೆರಡುನೂರು ಕೈ. ಆ ವೇಗಕ್ಕೆ ಆರು ವಾರಕ್ಕೊಂದು ಸಲ. ಆದರೆ ಹತ್ತು ಡಾಲರಿನ ಮಷೀನಿನಲ್ಲಿ ನಾಲ್ಕು ಎಕ್ಕ, ನಾಲ್ಕು ರಾಣಿಯಂಥ ಕೈಗೇ ಹನ್ನೆರಡುನೂರ ಐವತ್ತು. ನಾನೂರ ಇಪ್ಪತ್ತಮೂರು ಕೈಗೆ ಒಂದು ಸಲ ಅದು ಬರುತ್ತದೆ. ಅಂದರೆ ವಾರಕ್ಕೆ ಮೂರು ದೀಪ.

ಎರಡನೆಯ ದೀಪದ ಮುಂದಿನ ವಾರ ಗರಾಟೆ ಹತ್ತು ಡಾಲರಿನ ಸಾಲಿಗೆ ಬಂದು ಹದಿನಾಲ್ಕನೆಯದರ ಮುಂದೆ ಕುಳಿತರು.

ಇದನ್ನು ಯಾರೂ ದೊಡ್ಡದು ಮಾಡಲಿಲ್ಲ. ಪಣ ಏರಿಸುವವರು ಇದ್ದೇ ಇರುತ್ತಾರೆ; ಆಸೆ ಇರಬಹುದು, ಬೇಸರ ಇರಬಹುದು. ಅರ್ಲೀನ್‌ಗೂ ಅಷ್ಟೇ ಅನ್ನಿಸಿತಂತೆ, ಅಥವಾ ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡಳು. ಪಾವತಿಯ ಪಟ್ಟಿ ನನ್ನಷ್ಟೇ ಆಕೆಗೂ ಬಾಯಿಪಾಠ.

ಗೆದ್ದ ಎಲೆಗಳು ಪರದೆಯ ಮೇಲೆ ಹಾಗೇ ಇದ್ದರೆ ಇನ್ನೊಬ್ಬರು ಬಂದು ಅದೇ ಹಣವನ್ನು ಮತ್ತೆ ಕೇಳಬಹುದು. ಆದ್ದರಿಂದ ಹಣ ಕೊಟ್ಟಮೇಲೆ ಆಟಗಾರ ಇನ್ನೊಂದು ಕೈ ಆಡಿ ಅದನ್ನು ಅಳಿಸುವವರೆಗೆ ಸಹಾಯಕಿ ಅಲ್ಲೇ ನಿಲ್ಲಬೇಕು. ಉಳಿದವರು ತಕ್ಷಣ ಗುಂಡಿ ಒತ್ತುತ್ತಾರೆ. ಗರಾಟೆ ಒತ್ತುತ್ತಿರಲಿಲ್ಲ. ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡು ಮಾತಾಡುತ್ತಿದ್ದರು. ಜೀನೆಟ್‌ರ ಬಲಗೈಯ ಒಂದು ಬೆರಳು ಅಲ್ಲಾಡಿದ್ದು, ನಾಯಿಗೆ ವಯಸ್ಸಾಗಿದ್ದು, ಬೆಳ್ಳುಳ್ಳಿ ಸಾರಿಗೆ ಹಳೇ ಬ್ರೆಡ್ಡೇ ಯಾಕೆ ಹಾಕಬೇಕು ಎನ್ನುವುದು. ಅರ್ಲೀನ್ ತನ್ನ ಭುಜದ ವಿಷಯ ಹೇಳಿದಾಗ ಉಣ್ಣೆಯಿಂದ ತೆಗೆದ ಜಿಡ್ಡನ್ನು ಬಿಸಿ ಮಾಡಿ ತಿಕ್ಕಲು ಹೇಳಿದರು. ಆಕೆ ತಿಕ್ಕಿದಳು. ಒಂದು ವಾರ ನಾವೆಲ್ಲ ಆಕೆಯಿಂದ ಎರಡು ಅಡಿ ದೂರ ನಿಂತೆವು.

ಮೊದಲ ವರ್ಷ ಗರಾಟೆ ಎಲ್ಲರ ಹಾಗೆ ಇಪ್ಪತ್ತು ಡಾಲರ್ ಟಿಪ್ ಕೊಡುತ್ತಿದ್ದರು. ಆಮೇಲೆ ಸಾಕ್ಷಿಗೆ ನಿಂತವರಿಗೆ ಕೊಟ್ಟು ಅರ್ಲೀನ್‌ಗೆ ಕೊಡುವುದನ್ನು ನಿಲ್ಲಿಸಿದರು. ನಮ್ಮಲ್ಲಿ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ಫಿಲಿಪೀನ್ಸ್‌ನಿಂದ ಬಂದ ರೊವೆನಾ ಎಂಬ ಸಹಾಯಕಿ ತನಗಿಂತ ಹಿರಿಯರನ್ನೆಲ್ಲ ಅಕ್ಕ ಎಂದೇ ಕರೆಯುವವಳು. “ಅಕ್ಕಾ, ನಿಮ್ಮ ಜಿಪುಣ ಬಂದ,” ಎಂದು ಪ್ರತಿ ಮಂಗಳವಾರ ಎರಡು ಗಂಟೆಗೆ ಸಾರುತ್ತಿದ್ದಳು. ಅರ್ಲೀನ್ ಪ್ರತಿಭಟಿಸುತ್ತಿರಲಿಲ್ಲ. ಟಿಪ್ ಕೊಟ್ಟರೆ ಅದು ಕೆಲಸ. ಕೊಡದಿದ್ದರೆ ಅದು ಮಾತು. ಆಕೆಗೆ ಅದು ಅರ್ಥವಾಗಿತ್ತು ಎಂದು ನನ್ನ ಊಹೆ.

ಒಂದು ದಿನ ಸುಮ್ಮನೆ ಲೆಕ್ಕ ಹಾಕಿದೆ. ವಾರಕ್ಕೆ ಮೂರು ದೀಪ, ದೀಪಕ್ಕೆ ನಾಲ್ಕು ನಿಮಿಷ. ಮಹಾಮಾರಿಯ ವರ್ಷ ಕ್ಯಾಸಿನೊ ಮುಚ್ಚಿದ್ದ ಎಪ್ಪತ್ತೆಂಟು ದಿನ ಕಳೆದರೆ, ಒಂಬತ್ತು ವರ್ಷದಲ್ಲಿ ಅವರಿಬ್ಬರೂ ಮಾತಾಡಿದ್ದು ಒಟ್ಟು ನಾಲ್ಕು ದಿನವೂ ಆಗುವುದಿಲ್ಲ.

ದೀಪವಿಲ್ಲದೆ ಆಟಗಾರರ ಬಳಿ ಹೋಗಿ ನಿಲ್ಲಬಾರದು ಎಂಬುದು ಆ ಕೋಣೆಯ ನಿಯಮ. ಆದರೆ ಆಟಗಾರ ಸಹಾಯಕಿಯನ್ನು ಕರೆಯಲು ಪ್ರತಿ ಮಷೀನಿನಲ್ಲೂ ಒಂದು ಗುಂಡಿ ಇದೆ. ಒತ್ತಿದರೆ ಅದೇ ದೀಪ ಹತ್ತುತ್ತದೆ. ಗರಾಟೆ ಒಂದು ಸಲವೂ ಅದನ್ನು ಒತ್ತಲಿಲ್ಲ. ನಾಲ್ಕು ರಾಣಿ ಬಂದು ದೀಪ ಹತ್ತಿದರೆ ಅದು ಯಾರು ಮಾಡಿದ್ದೂ ಅಲ್ಲ. ತಾವೇ ಒತ್ತಿ ಕರೆದರೆ ಐದು ಗಂಟೆಗೆ ಜೀನೆಟ್‌ರ ಮುಂದೆ ಚಮಚ ಹಿಡಿದು ಕೂರುವಾಗ ಅದು ನೆನಪಿಗೆ ಬರುತ್ತದೆ. ಅರ್ಲೀನ್ ಕೂಡ ಮೂಲೆಯ ಮೇಜು ಬಿಟ್ಟು ತಾನಾಗಿ ಹೋದವಳಲ್ಲ.

ಕಳೆದ ಡಿಸೆಂಬರಿನಲ್ಲಿ ಗರಾಟೆ ನಾಲ್ಕನೇ ಬೀದಿಯ ಬಾಸ್ಕ್ ಊಟದ ಮನೆಯ ಬಗ್ಗೆ ಹೇಳಿದ್ದರು. ಅಲ್ಲಿ ಉದ್ದನೆಯ ಮೇಜು, ಯಾರ ಪಕ್ಕ ಯಾರು ಬೇಕಾದರೂ ಕೂರಬಹುದು, ಕುರಿಮಾಂಸದ ಪಾತ್ರೆ ಕೈಯಿಂದ ಕೈಗೆ ಬರುತ್ತದೆ, ಬುಧವಾರ ಜೀನೆಟ್‌ಗೆ ಊಟ ಮಾಡಿಸಿ ಬಂದು ತಾವು ಮಧ್ಯಾಹ್ನದ ಊಟ ಅಲ್ಲೇ ಮುಗಿಸುವುದುಂಟು ಎಂದರು. ಅರ್ಲೀನ್ ಆಮೇಲೆ ಕಾಫಿ ಕೋಣೆಯಲ್ಲಿ ನನ್ನ ಹತ್ತಿರ ಹೇಳಿದಳು: “ಬುಧವಾರ ನಂಗೆ ರಜ ಅಂತ ಹೇಳ್ಬೇಕಿತ್ತು. ಬಾಯಿಗೆ ಬರ್ಲಿಲ್ಲ. ಮುಂದಿನ ಸಲ ಹೇಳ್ತೀನಿ.”

ಮುಂದಿನ ಸಲ ಬರಲಿಲ್ಲ. ಕ್ರಿಸ್‌ಮಸ್ ವಾರ ಗರಾಟೆ ವರ್ಷಕ್ಕೊಮ್ಮೆಯಂತೆ ಮಗಳ ಮನೆಗೆ ಹೋದರು. ಅಷ್ಟರಲ್ಲಿ ಹೊಸ ವರ್ಷ ಬಂತು. ಗೆರೆ ಎರಡು ಸಾವಿರಕ್ಕೆ ಏರಿದರೆ ಹನ್ನೆರಡುನೂರ ಐವತ್ತಕ್ಕೆ ದೀಪ ಹತ್ತುವುದಿಲ್ಲ. ಮಷೀನು ಸದ್ದಿಲ್ಲದೆ ಹಣವನ್ನು ತನ್ನ ಲೆಕ್ಕಕ್ಕೆ ಸೇರಿಸಿಕೊಂಡು ಮುಂದಿನ ಕೈಗೆ ಕಾಯುತ್ತದೆ. ಒಂದೇ ಒಂದು ದೀಪ ಬೇಕಾಗಿತ್ತು ಆಕೆಗೆ, ಒಂದು ವಾಕ್ಯ ಹೇಳಲು. ಅದಕ್ಕೇ ಆ ಬೆಳಗಿನ ಆರೂ ಹತ್ತಕ್ಕೆ ಬಂದದ್ದು.

ಜನವರಿ ಎರಡರಂದು ಗರಾಟೆ ಬರಲಿಲ್ಲ. ಆರರಂದೂ ಇಲ್ಲ. ರೊವೆನಾಳ ತಂಗಿ ಆ ಆರೈಕೆ ಮನೆಯ ಅಡುಗೆಯಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿ ಫ್ಲೂ ಹರಡಿದೆ, ನೋಡಲು ಯಾರನ್ನೂ ಬಿಡುತ್ತಿಲ್ಲ ಎಂದು ಅವಳಿಂದ ತಿಳಿಯಿತು. ಜೀನೆಟ್‌ರನ್ನು ನೋಡದ ದಿನ ಗರಾಟೆ ಆಟಕ್ಕೆ ಬರುವವರಲ್ಲ. ಒಂಬತ್ತೂ ಕಳೆಯಿತು. ನಾನು ದಿನಕ್ಕೆ ನಾಲ್ಕು ತಿದ್ದುತ್ತ ಹೋದೆ. ಮೂರು ಮಾಡಿ ನಿಲ್ಲಿಸಬಹುದಿತ್ತು. ಆದರೆ ಮೇಲ್ವಿಚಾರಕರು ಪ್ರತಿದಿನ ಪಟ್ಟಿ ನೋಡುತ್ತಿದ್ದರು. ಗುರುವಾರಕ್ಕೆ ಮುಂಚೆ ಉಳಿದದ್ದು ಅವರ ಒಂದೇ ದಿನ, ಹದಿಮೂರು, ಮಂಗಳವಾರ; ಅಂದಿನಿಂದ ಆರೈಕೆ ಮನೆಗೆ ಮತ್ತೆ ಬಿಡುತ್ತಾರೆ ಎಂದು ರೊವೆನಾಳ ತಂಗಿ ಹೇಳಿದ್ದಳು.

ಅಂದು ನನ್ನ ಪಾಳಿ ಎರಡಕ್ಕೆ ಮುಗಿಯಿತು. ನಾನು ಮನೆಗೆ ಹೋಗಲಿಲ್ಲ. ಹದಿನಾರನೆಯ ಮಷೀನಿನ ಹಿಂದಿನ ತಂತಿಗಳನ್ನು ಮತ್ತೊಮ್ಮೆ ನೋಡಬೇಕು ಎಂದು ಹೇಳಿ ಅಲ್ಲೇ ಉಳಿದೆ. ತಂತಿಗಳು ಸರಿಯಾಗಿಯೇ ಇದ್ದವು.

ಎರಡೂ ನಾಲ್ಕಕ್ಕೆ ಗರಾಟೆ ಬಂದರು. ತೆಳ್ಳಗಾಗಿದ್ದರು. ಅರ್ಲೀನ್‌ಗೆ ದೂರದಿಂದಲೇ ತಲೆಯಾಡಿಸಿ ಹದಿನಾಲ್ಕರ ಮುಂದೆ ಕುಳಿತರು. ಎರಡು ಗಂಟೆಯಲ್ಲಿ ಆರುನೂರು ಕೈ. ಅಷ್ಟರಲ್ಲಿ ಒಂದಾದರೂ ದೀಪ ಹತ್ತುವ ಸಾಧ್ಯತೆ ನಾಲ್ಕರಲ್ಲಿ ಮೂರು ಪಾಲು. ನಾಲ್ಕರಲ್ಲಿ ಮೂರು ಒಳ್ಳೆಯ ಅಂಕಿ. ಆದರೆ ಅದು ಉಳಿದ ಒಂದು ಪಾಲನ್ನು ಅಳಿಸುವುದಿಲ್ಲ.

ಮೂರು ಗುಲಾಮ ಬಂತು, ನಾಲ್ಕನೆಯದು ಬರಲಿಲ್ಲ. ಮೂರು ಏಳು ಎರಡು ಸಲ ಬಂತು. ಅರ್ಲೀನ್ ಮೂಲೆಯ ಮೇಜಿನ ಮೇಲಿನ ಕಾಗದಗಳನ್ನು ಜೋಡಿಸಿಟ್ಟಳು, ಮತ್ತೆ ಜೋಡಿಸಿಟ್ಟಳು. ಹಿಂದಿನ ಸಾಲಿನಲ್ಲಿ ಯಾರಿಗೋ ನಾಲ್ಕು ಒಂಬತ್ತು ಬಂತು. ಅದು ತಿದ್ದಿದ ಮಷೀನು, ದೀಪ ಹತ್ತಲಿಲ್ಲ. ಆ ಮನುಷ್ಯ ಸುತ್ತ ನೋಡಿ, ಭುಜ ಹಾರಿಸಿ, ಆಟ ಮುಂದುವರಿಸಿದ. ಗರಾಟೆ ಅದನ್ನು ನೋಡಿದರು.

ನಾಲ್ಕು ಗಂಟೆಯಾಯಿತು. ಗರಾಟೆ ಏಳಲಿಲ್ಲ. ಒಂಬತ್ತು ವರ್ಷದಲ್ಲಿ ಅವರು ನಾಲ್ಕು ದಾಟಿ ಕುಳಿತದ್ದು ನಾನು ಕಂಡಿಲ್ಲ. ನಾಲ್ಕೂ ಹತ್ತು. ಅವರು ಎಂದಿಗಿಂತ ಬೇಗಬೇಗ ಆಡುತ್ತಿದ್ದರು. ಹೊರಗೆ ಹಿಮ ಗಟ್ಟಿಯಾಗುತ್ತಿತ್ತು; ಗುಡ್ಡಕ್ಕೆ ಇಪ್ಪತ್ತು ನಿಮಿಷದ ದಾರಿಗೆ ಅಂದು ನಲವತ್ತೈದಾದರೂ ಬೇಕು. ಅರ್ಲೀನ್ ಗಡಿಯಾರ ನೋಡಿದಳು, ದೀಪ ನೋಡಿದಳು. ನಾಲ್ಕೂ ಇಪ್ಪತ್ತಕ್ಕೆ ಮೇಜು ಬಿಟ್ಟು ಎದ್ದಳು. ಕೈಯಲ್ಲಿ ಕಾಗದ ಇರಲಿಲ್ಲ.

“ಮಿಸ್ಟರ್ ಗರಾಟೆ, ನಾಲ್ಕೂ ಇಪ್ಪತ್ತು.”

“ದೀಪ ಹತ್ಲಿಲ್ವಲ್ಲ. ಹೆಂಗ್ ಬಂದ್ರಿ?”

“ನಡ್ಕೊಂಡ್ ಬಂದೆ.”

ಅವರು ಪರದೆಯಿಂದ ಕಣ್ಣು ತೆಗೆಯದೆ ನಕ್ಕರು. “ಹಳೇ ಲೆಕ್ಕದ್ದು ಇದೊಂದೇ ಉಳಿದಿರೋ ಹಾಗಿದೆ.”

“ಗುರುವಾರ ಇದೂ ಹೋಗುತ್ತೆ.”

“ಅದಕ್ಕೇ. ಇನ್ನೊಂದು ಹತ್ತು ಕೈ ಆಡ್ಬಿಡ್ತೀನಿ.”

“ಎರಡು ವಾರ ಆದ್ಮೇಲೆ ಇವತ್ತು ಮಧ್ಯಾಹ್ನ ಜೀನೆಟ್ ನಿಮ್ಮನ್ನ ನೋಡಿದಾರೆ,” ಅಂದಳು ಅರ್ಲೀನ್. “ಸಂಜೆ ಬೇರೆಯೋರು ಚಮಚ ಹಿಡಿದ್ರೆ ಬಾಯಿ ತೆಗೀತಾರಾ?”

ಗರಾಟೆ ಗುಂಡಿಯ ಮೇಲಿನ ಕೈಯನ್ನು ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. 

“ನೀವು ಇನ್ನೇನೋ ಹೇಳೋಕೆ ಬಂದ ಹಾಗಿತ್ತು.”

“ಇಲ್ಲ,” ಅಂದಳು ಆಕೆ. “ಟೈಮಾಯ್ತು ಅಂತ ಹೇಳೋಕೆ ಬಂದೆ.”

ಅವರು ಉಳಿದ ಹಣದ ಚೀಟಿ ತೆಗೆದುಕೊಂಡು ಕೋಟು ಹಾಕಿಕೊಂಡರು. “ಬರ್ತೀನಿ, ಅರ್ಲೀನ್,” ಎಂದು ಮೊದಲ ಸಲ ಹೆಸರು ಹಿಡಿದು ಹೇಳಿ ಹೋದರು. ಆಕೆ ಖಾಲಿ ಕುರ್ಚಿಯ ಬೆನ್ನನ್ನು ಹಿಡಿದುಕೊಂಡು ನಿಂತಿದ್ದಳು. ನಾನು ಹದಿನಾರನೆಯದರ ಹಿಂದಿನಿಂದ ಹೊರಗೆ ಬರಲು ಇನ್ನೂ ಹತ್ತು ನಿಮಿಷ ತೆಗೆದುಕೊಂಡೆ.

ಗುರುವಾರ ಹದಿನಾಲ್ಕನ್ನು ತಿದ್ದಿದೆ. ಹನ್ನೊಂದು ನಿಮಿಷದ ಕೆಲಸ.

ಶುಕ್ರವಾರ ಎರಡು ಗಂಟೆಗೆ ಗರಾಟೆ ಬಂದರು. ಹದಿನಾಲ್ಕರ ಮುಂದೆ ನಿಲ್ಲದೆ ನಡೆದು, ಕಿಟಕಿಯ ಕಡೆಯ ಐದು ಡಾಲರಿನ ಸಾಲಿನಲ್ಲಿ ಒಂದರ ಮುಂದೆ ಕುಳಿತರು. “ಜಿಪುಣನಿಗೆ ಬುದ್ಧಿ ಬಂತು ಅಕ್ಕಾ,” ಅಂದಳು ರೊವೆನಾ. ಅರ್ಲೀನ್ ವಿರಾಮದಲ್ಲಿ ಕಾಫಿ ಹಿಡಿದುಕೊಂಡು ನನ್ನ ಎದುರು ಬಂದು ಕುಳಿತಳು.

“ಐದರದ್ರಲ್ಲಿ ಇನ್ಮುಂದೆ ದೀಪ ಯಾವಾಗ ಹತ್ತುತ್ತೆ?”

ಒಂದೇ ಜಾತಿಯ ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಬಿದ್ದರೆ ಮಾತ್ರ ಎಂದೆ. ನಲವತ್ತು ಸಾವಿರ ಕೈಗೆ ಒಂದು. ಗರಾಟೆಯವರ ವೇಗಕ್ಕೆ ಸರಾಸರಿ ಎಂಟು ತಿಂಗಳು.

“ಹತ್ತರದ್ರಲ್ಲೇ ಇದ್ದಿದ್ರೆ?”

“ಆರು ವಾರ. ಐದು ಎಲೆ ಸಾಲಾಗಿ ಬಿದ್ರೆ ಅಲ್ಲಿ ಎರಡೂವರೆ ಸಾವಿರ.”

ಆಕೆ ಕಾಫಿಯನ್ನು ಕುಡಿಯದೆ ತಿರುಗಿಸುತ್ತಿದ್ದಳು. “ಅಂದ್ರೆ ಗೊತ್ತಿದ್ದೇ ಇಳಿದ್ರು.”

 ಆಕೆಗೆ ತಪ್ಪು ಲೆಕ್ಕ ಹೇಳಿ ನನಗೆ ಅಭ್ಯಾಸವಿಲ್ಲ. ಗರಾಟೆಗೆ ಬೇಕಾದದ್ದು ದೊಡ್ಡ ಗೆಲುವಾಗಿದ್ದರೆ ಹತ್ತರ ಮಷೀನು ನಿನ್ನೆಯಂತೆ ಇಂದೂ ಅಷ್ಟೇ ಕೊಡುತ್ತಿತ್ತು. ನಾಲ್ಕು ರಾಣಿಯ ಬೆಲೆ ಒಂದು ಸೆಂಟು ಕೂಡ ಇಳಿದಿರಲಿಲ್ಲ. ಬದಲಾದದ್ದು ದೀಪ ಒಂದೇ. ದೀಪ ಹೋಯಿತು, ಅವರೂ ಆ ಸಾಲು ಬಿಟ್ಟರು. ಅಲ್ಲಿಗೆ ಒಂಬತ್ತು ವರ್ಷದ ಹಿಂದೆ ಅವರು ಪಣ ಏರಿಸಿದ್ದು ಯಾಕೆ ಎಂಬುದಕ್ಕೆ ಬೇರೆ ಕಾರಣ ಹುಡುಕುವಂತಿರಲಿಲ್ಲ. ಆರು ವಾರವನ್ನು ಬಿಟ್ಟು ಎಂಟು ತಿಂಗಳನ್ನು ಆರಿಸಿಕೊಂಡದ್ದು ಯಾಕೆ ಎಂಬುದಕ್ಕೂ ಅಷ್ಟೇ. ಆ ಮಂಗಳವಾರ ದೀಪಕ್ಕೆ ಕಾದು ಅವರು ಗುಡ್ಡ ಹತ್ತಿದ್ದು ತಡವಾಗಿಯೇ; ಇನ್ನೊಮ್ಮೆ ಹಾಗಾಗುವುದು ಅವರಿಗೆ ಬೇಡವಾಗಿತ್ತು.

“ನಾನೇನೂ ತಪ್ಪು ತಿಳ್ಕೊಂಡಿರ್ಲಿಲ್ಲ ಹಾಗಾದ್ರೆ,” ಅಂದಳು ಅರ್ಲೀನ್. ಆಕೆಯ ಕಣ್ಣಲ್ಲಿ ನೀರಿತ್ತು. ನಗುತ್ತಲೂ ಇದ್ದಳು.

ಫೆಬ್ರವರಿಯಲ್ಲಿ ನಮ್ಮಲ್ಲಿ ಪಾಳಿ ಆರಿಸುವ ದಿನ ಬರುತ್ತದೆ. ಗೋಡೆಗೆ ದೊಡ್ಡ ಹಾಳೆ ಅಂಟಿಸಿರುತ್ತಾರೆ. ಹೆಚ್ಚು ವರ್ಷ ಕೆಲಸ ಮಾಡಿದವರು ಮೊದಲು ಹೆಸರು ಬರೆಯುತ್ತಾರೆ. ದೀಪಗಳು ಕಡಿಮೆಯಾಗಿ ಟಿಪ್ ಅರ್ಧಕ್ಕೆ ಇಳಿದಿದ್ದರಿಂದ ಎಲ್ಲರಿಗೂ ಬೇಕಾಗಿದ್ದದ್ದು ಶನಿವಾರ, ಭಾನುವಾರದ ಸಂಜೆ. ಮೊದಲ ಆಯ್ಕೆ ಅರ್ಲೀನ್‌ದು. ಆಕೆ ಕನ್ನಡಕ ಹಾಕಿಕೊಂಡು ಹಾಳೆಯನ್ನು ಮೇಲಿಂದ ಕೆಳಗೆ ಓದಿ, ಯಾರೂ ಕೇಳದ ಗೆರೆಯ ಮೇಲೆ ಹೆಸರು ಬರೆದಳು: ಮಂಗಳವಾರ ಮತ್ತು ಶುಕ್ರವಾರ ಸೇರಿದ ಮಧ್ಯಾಹ್ನದ ಪಾಳಿ, ದೊಡ್ಡ ಪಣದ ಕೋಣೆ.

“ಅಕ್ಕಾ, ತಪ್ಪು ಗೆರೆ ಮೇಲೆ ಬರೆದ್ರಿ,” ಅಂದಳು ಹಿಂದೆ ನಿಂತಿದ್ದ ರೊವೆನಾ. “ಅಲ್ಲಿ ಈಗ ಕಾಸು ಹುಟ್ಟಲ್ಲ.”

“ಇಲ್ಲ ಕಣೇ, ನೋಡ್ಕೊಂಡೇ ಬರೆದೆ.”

ಪೆನ್ನನ್ನು ಅವಳ ಕೈಗೆ ಕೊಟ್ಟು ಅರ್ಲೀನ್ ಕೋಣೆಯ ಕಡೆ ಹೊರಟಳು. ಅಂದು ಮಂಗಳವಾರ. ಎರಡು ಗಂಟೆಗೆ ಇನ್ನೂ ಐದು ನಿಮಿಷ ಇತ್ತು.